ಏಜಿನಾಗೆ ಇಬ್ಬರು

"ಜೊತೆಗೆ ಬರುತ್ತಿರುವವರು ನಿಮಗೆ ಏನಾಗಬೇಕು?"

ಗಾಜಿನ ಆಚೆ ಕೂತಿದ್ದ ವೀಸಾ ಆಫೀಸರಮ್ಮ ಇಂಗ್ಲಿಷಿನಲ್ಲಿ ಕೇಳಿದಾಗ "ಫ್ರೆಂಡ್" ಎಂದೆ. ಇನ್ನೇನು ಹೇಳಲಿ? ಧಾರವಾಡದ ಸಿದ್ಧಲಿಂಗೇಶ ಸ್ಯಾನ್ ಡಿಯಾಗೋದ ಲಾ ಹೋಯಾ ದಂಡೆಯಲ್ಲಿ ಸಮುದ್ರ ಸಂಶೋಧಕ. ಎರಡು ವರ್ಷದಿಂದ ಭಾನುವಾರ ಬಂದರೆ ನನ್ನನ್ನು ದಂಡೆಯುದ್ದಕ್ಕೂ ನಡೆಸುತ್ತಾನೆ. ಅಲೆ, ಉಬ್ಬರ, ಸೀಲ್‌ಗಳ ಬಗ್ಗೆ ಬಾಯಿ ತುಂಬ ಮಾತಾಡುತ್ತಾನೆ. ಬೇಕಾದ ಆ ಒಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ.

ಗ್ರೀಸಿನ ಪುಟ್ಟ ದ್ವೀಪ ಏಜಿನಾ ಅವನ ಹುಚ್ಚು. ಪುರಾತನ ಬಂದರಿನ ಗೋಡೆಗಳು ಅಲ್ಲಿ ನೀರಿನಡಿ ಇನ್ನೂ ಇವೆಯಂತೆ. ನನಗೆ ಬೀಚು ಸಾಕು, ಪಕ್ಕದಲ್ಲಿ ಅವನಿರಬೇಕು. ಇಬ್ಬರದೂ ಇಂಡಿಯನ್ ಪಾಸ್‌ಪೋರ್ಟ್. ಆಫೀಸಿಗೆ ರಜೆ ಹಾಕಿ, ವೀಸಾಗಾಗಿ ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸಿನ ಗ್ರೀಕ್ ಕಾನ್ಸುಲೇಟಿಗೆ ಡ್ರೈವ್ ಮಾಡಿಕೊಂಡು ಬಂದಿದ್ದೆವು.

ಸಿದ್ದುವಿನ ಸರದಿ ಮುಗಿಯುತ್ತಿದ್ದಂತೆ ಆಫೀಸರಮ್ಮ ನನ್ನನ್ನೂ ಮತ್ತೆ ಕರೆದಳು. ಹುಬ್ಬು ಗಂಟಿಕ್ಕಿತ್ತು.

"ಮಂಜುಶ್ರೀ, ನಿಮ್ಮನ್ನು ಮದುವೆಯಾಗುತ್ತೇನೆ ಅನ್ನುತ್ತಾರೆ ಇವರು. ನೀವು ಫ್ರೆಂಡ್ ಅಂದಿರಿ. ಯಾರ ಮಾತು ಸುಳ್ಳು?"

ಸಿಟ್ಟು ನೆತ್ತಿಗೇರಿತು. "ಗರ್ಲ್‌ಫ್ರೆಂಡ್ ಅಂದ್ರೆ ವೀಸಾ ಕೊಡಲ್ಲ, ಫಿಯಾನ್ಸೆ, ಮದುವೆ ಗೊತ್ತಾಗಿದೆ ಅಂತ ಹೇಳಿ" ಎಂದು ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬುದ್ಧಿ ಹೇಳಿದ್ದರು. ನಾನು ಇಷ್ಟು ದಿನ ಕಾದ ಮಾತನ್ನು ಇವನು ಒಂದು ವೀಸಾಗೋಸ್ಕರ ಆಡಿಬಿಟ್ಟನೇ?

"ವೀಸಾ ಸಿಗ್ಲಿ ಅಂತ ಹಾಗಂದ್ಯಾ?" ಕನ್ನಡದಲ್ಲೇ ಕೇಳಿದೆ.

ಅವನ ಕಿವಿ ಕೆಂಪಾಯಿತು. ನೋಟ ನನ್ನ ಮುಖಕ್ಕೆ ಬಂತು, ಅಲ್ಲಿ ನಿಲ್ಲಲಾರದೆ ಕೈಬಳೆಗೆ ಜಾರಿತು, ಮತ್ತೆ ಮುಖಕ್ಕೇ ಬಂತು.

"ಅಲ್ಲ ಮಂಜು. ಏಜಿನಾದ ದಂಡಿ ಮ್ಯಾಲೆ ಕುಂತು ನಿನ್ನ ಕೇಳಬೇಕಂತ ಮಾಡಿದ್ದೆ. ಈಕಿ ಕೇಳಿದ ಕೂಡ್ಲೆ ಮನಸಿನ್ಯಾಗ ಇದ್ದದ್ದು ಬಾಯಿಗೆ ಬಂದುಬಿಡ್ತು."

ಆಮೇಲೆ ಗಾಜಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: "ತಪ್ಪು ನನ್ನದು. ನಾನಿನ್ನೂ ಇವಳನ್ನು ಕೇಳಿಯೇ ಇಲ್ಲ. ಇವಳು ಹೇಳಿದ್ದೇ ನಿಜ. ನನಗೆ ಕೊಡದಿದ್ದರೂ ಪರವಾಗಿಲ್ಲ, ಇವಳಿಗೆ ವೀಸಾ ಕೊಡಿ."

ದಡ್ಡ! ನಾನೊಬ್ಬಳೇ ಹೋಗಿ, ಮುಳುಗಿದ ಗೋಡೆ ನೋಡಿಕೊಂಡು ಏನು ಮಾಡಲಿ?

"ಇಲ್ಲ ಮೇಡಂ, ಇವನು ಹೇಳಿದ್ದೂ ನಿಜ," ಎಂದೆ. "ನನಗೇ ಗೊತ್ತಾಗಿದ್ದು ಈಗ."

ಆಫೀಸರಮ್ಮ ಪೆನ್ನು ಕೆಳಗಿಟ್ಟಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು. ನಗಲಿಲ್ಲ.

"ಸರಿ, ಮದುವೆ ಯಾವಾಗ?"

ಈಗಲೂ ಒಬ್ಬರದೊಂದು ಇನ್ನೊಬ್ಬರದೊಂದು ಉತ್ತರ ಬಂದರೆ ಏಜಿನಾ ಕೈತಪ್ಪಿದ ಹಾಗೆಯೇ. ಅವನನ್ನು ನೋಡಲು ಕೂಡ ಧೈರ್ಯ ಬರಲಿಲ್ಲ. ಇಬ್ಬರೂ ಒಟ್ಟಿಗೇ ಬಾಯಿ ತೆರೆದೆವು.

"ಅಪ್ಪ ಅಮ್ಮನನ್ನು ಕೇಳಬೇಕು."

"ಈ ಸಲ ಇಬ್ಬರದೂ ಒಂದೇ ಉತ್ತರ," ಎಂದು ಆಕೆ ನಮ್ಮ ಪಾಸ್‌ಪೋರ್ಟುಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಕೌಂಟರಿನ ಕೆಳಗೆ ಸಿದ್ದು ನನ್ನ ಕೈ ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.