ಒಂದು ಹಾಡು, ಇಬ್ಬರು ಅಜ್ಜಿಯರು

ಸೋಮವಾರ ಬೆಳಿಗ್ಗೆ ಹತ್ತೂವರೆ. ಕೊಟ್ಟೂರಿನ ಖಾಸಗಿ ಪದವಿ ಕಾಲೇಜಿನ ಪ್ರಾಂಶುಪಾಲರ ಮೇಜಿನ ಮೇಲೆ ಎರಡು ಪ್ರಬಂಧಗಳಿದ್ದವು. ಎರಡೂ ಒಂದೇ ಆಗಿದ್ದವು.

ಪ್ರಾಂಶುಪಾಲ ಹಾಲಸ್ವಾಮಿ ಅವನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದ್ದರು. 1999ರ ಆ ವರ್ಷ ಎರಡನೇ ಬಿ.ಎ. ತರಗತಿಗೆ ಕನ್ನಡ ಅಧ್ಯಾಪಕಿ ಶೈಲಾ ಕೊಟ್ಟಿದ್ದ ಕೆಲಸವದು: ನಿಮ್ಮೂರಲ್ಲಿ ಕೇಳಿದ ಒಂದು ಮಾತನ್ನೋ ಹಾಡನ್ನೋ ಆರಿಸಿಕೊಳ್ಳಿ, ಅದು ಕೇಳುವವರ ಮನಸ್ಸನ್ನು ಹೇಗೆ ಗೆಲ್ಲುತ್ತದೆ ಎಂದು ವಿಶ್ಲೇಷಿಸಿ ಬರೆಯಿರಿ. ಎಲ್ಲಕ್ಕಿಂತ ಚೆನ್ನಾದದ್ದು ಹರಪನಹಳ್ಳಿಯ ಅಂತರ ಕಾಲೇಜು ವಿಚಾರ ಸಂಕಿರಣಕ್ಕೆ ಹೋಗಬೇಕು. ಈ ಕಾಲೇಜಿನಿಂದ ಅಲ್ಲಿಗೆ ಅದುವರೆಗೆ ಯಾರೂ ಹೋಗಿರಲಿಲ್ಲ. ಈಗ ಹೋಗಬಲ್ಲ ಪ್ರಬಂಧವೊಂದು ಬಂದಿತ್ತು — ಎರಡು ಹೆಸರಿನಲ್ಲಿ.

ಒಂದು ದುರ್ಗಾದೇವಿಯದು. ಕೂಡ್ಲಿಗಿ ಕಡೆಯ ಹಳ್ಳಿಯ ಹುಡುಗಿ, ಕೂಲಿ ಮಾಡುವವರ ಮಗಳು. ಅದು ಕೈಬರಹದ ಪ್ರತಿ. ಇನ್ನೊಂದು ಬಸವೇಶನದು. ಅವನ ತಂದೆ ಕೊಟ್ಟೂರಿನ ವರ್ತಕರು, ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು. ಅದು ಡಿ.ಟಿ.ಪಿ. ಮಾಡಿಸಿ ರಟ್ಟು ಹಾಕಿಸಿದ ಪ್ರತಿ.

ವಿಷಯ, ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವ ಹಾಡು. ‘ಹಾಡುವವಳು ಸತ್ತವನನ್ನು ಹೊಗಳುವುದಿಲ್ಲ, ಬೈಯುತ್ತಾಳೆ. ಹೇಳದೆ ಕೇಳದೆ ಹೊರಟೆಯಲ್ಲ, ಬುತ್ತಿ ಕಟ್ಟಲಿಕ್ಕೂ ಹೊತ್ತು ಕೊಡಲಿಲ್ಲವಲ್ಲ ಎಂದು ಜಗಳಕ್ಕೆ ನಿಲ್ಲುತ್ತಾಳೆ. ಅವಳು ಬೈದಷ್ಟೂ ಸುತ್ತ ಕುಳಿತವರು ಸತ್ತವನ ಪರ ವಹಿಸುತ್ತಾರೆ. ಹೊಗಳುವ ಕೆಲಸವನ್ನು ಕೇಳುವವರಿಗೇ ಬಿಟ್ಟುಕೊಡುವುದು ಈ ಹಾಡಿನ ಜಾಣತನ.’ ಎರಡರಲ್ಲೂ ಈ ಮಾತುಗಳು ಅಕ್ಷರ ಬಿಡದೆ ಇದ್ದವು.

ವ್ಯತ್ಯಾಸವಿದ್ದದ್ದು ಪೀಠಿಕೆಯಲ್ಲಿ ಮಾತ್ರ. ದುರ್ಗಾದೇವಿ ಬರೆದಿದ್ದಳು: ‘ಅಜ್ಜಿ ಚೌಡಕ್ಕನನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ಹಾಡಿಸಿದೆ.’ ಬಸವೇಶನ ಪ್ರತಿಯಲ್ಲಿತ್ತು: ‘ಅಜ್ಜಿ ನಾಗಲಿಂಗಮ್ಮನವರನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ಹಾಡಿಸಿದೆ.’ ಹೆಸರು ಬದಲು, ಜಾಗ ಬದಲು. ನಕಲು ಮಾಡುವವರು ಅಷ್ಟನ್ನು ಮಾಡಿಯೇ ಮಾಡುತ್ತಾರೆ. ಹಾಲಸ್ವಾಮಿ ಅದನ್ನು ದಾಟಿ ಮುಂದೆ ಹೋದರು.

ಅವರಿಗೆ ಮುಖ್ಯವಾದದ್ದು ಬೇರೆಯೇ. ಬಸವೇಶನ ಪ್ರತಿ ಮೊದಲು ಬಂದಿತ್ತು. ದುರ್ಗಾದೇವಿಯದು ಮೂರು ದಿನ ತಡವಾಗಿ. ಶೈಲಾ ಆ ವಾರ ರಜೆಯಲ್ಲಿದ್ದರು. ಎರಡನ್ನೂ ತೆಗೆದುಕೊಂಡವರು ಅರೆಕಾಲಿಕ ಅಧ್ಯಾಪಕ ಶಿವಶಂಕರ. ಹಿಂದಿನ ವರ್ಷ ಮೈಸೂರಿನಿಂದ ಬಂದವರು, ಪಟ್ಟಣದಲ್ಲೇ ಹುಟ್ಟಿ ಬೆಳೆದವರು.

“ಹುಡುಗಿ ನಕಲು ಮಾಡ್ಯಾಳ ಅಂತ ಕಾಣ್ತದ್ರಿ ಮೇಡಂ,” ಎಂದರು ಹಾಲಸ್ವಾಮಿ, ರಜೆ ಮುಗಿಸಿ ಬಂದು ಎದುರು ಕುಳಿತಿದ್ದ ಶೈಲಾಗೆ. “ನಿಯಮ ಗೊತ್ತಲ್ಲ? ಈ ವರ್ಷ ಪರೀಕ್ಷೆಗೆ ಕೂಡ್ರಿಸಂಗಿಲ್ಲ.”

“ಕೂಡ್ರಿಸದಿದ್ರ ಅವರಪ್ಪ ಕಾಲೇಜು ಬಿಡಿಸ್ತಾನ್ರಿ ಸರ್. ಒಂದು ತಾಸು ಟೈಮ್ ಕೊಡ್ರಿ,” ಎಂದರು ಶೈಲಾ.

ಮೊದಲು ಬಂದವಳು ದುರ್ಗಾದೇವಿ. ಕಣ್ಣಲ್ಲಿ ನೀರಿಲ್ಲ. ಶಿವಶಂಕರ ಕಿಟಕಿಯ ಬಳಿ ಕುಳಿತಿದ್ದರು.

“ನಕಲು ಮಾಡೀ ಏನವಾ?” — ಹಾಲಸ್ವಾಮಿ ನೇರವಾಗಿ ಕೇಳಿದರು.

“ಇಲ್ರಿ ಸಾರ್. ನಮ್ಮಜ್ಜಿ ಹಾಡಿಗೆ ಸುತ್ತಲ ಊರಿನ ಹೆಣ್ಮಕ್ಳು ದಾರಿ ಕಾಯ್ತಾರ. ಅಕಿ ಬರೋ ತನಕ ಹೆಣ ಎತ್ತಂಗಿಲ್ಲ. ಅಂಥಾಕಿ ಮೊಮ್ಮಗಳು ಇನ್ನೊಬ್ರ ಅಜ್ಜಿ ಹಾಡು ಯಾಕ ಕದೀಲಿ?”

ಸೊಕ್ಕು ಎನ್ನಿಸಿತು ಹಾಲಸ್ವಾಮಿಗೆ. ಆದರೂ ಆ ಮಾತು ಅವರಿಗೆ ಹಿಡಿಸಿತು.

“ಬರೆದದ್ದನ್ನ ಕೊಡೋದಕ್ಕ ಮೊದಲು ಯಾರಿಗರ ತೋರಿಸಿದ್ದೇನು?” ಎಂದು ಶೈಲಾ ಕೇಳಿದರು.

ಹುಡುಗಿ ಕಿಟಕಿಯ ಕಡೆ ನೋಡಿದಳು.

“ಹೇಳವಾ.”

“ಶಿವಶಂಕರ ಸಾರ್‌ಗೆ, ಕರಡು. ಎರಡು ದಿನ ಇಟ್ಕೊಂಡು, ‘ಇದು ಪ್ರಬಂಧದ ವಿಷಯ ಅಲ್ಲ, ಬೇರೆ ಬರಿ’ ಅಂತ ವಾಪಸ್ ಕೊಟ್ರು. ನಾನು ಬರೀಲಿಲ್ಲ. ಇದನ್ನೇ ಚಂದಾಗಿ ಬರ್ಕೊಂಡು ಬಂದೆ.”

ಶಿವಶಂಕರ ನಕ್ಕರು. “ಒಂದು ಕರಡು ತೋರಿಸಿದ್ದು ನಿಜ ಸರ್. ಅದು ಒಗಟುಗಳ ಬಗ್ಗೆ ಇತ್ತು. ಇದಲ್ಲ.”

“ಸುಳ್ಳ್ರಿ ಸಾರ್!”

“ನಿಧಾನ!” ಎಂದರು ಹಾಲಸ್ವಾಮಿ. ಇವಳ ಮಾತಿಗೆ ಎದುರಾಗಿ ಅಧ್ಯಾಪಕರ ಮಾತು. ತೂಗುವುದು ಹೇಗೆ?

ಬಸವೇಶ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಬೈಕಿನ ಕೀಲಿ. ಶೈಲಾ ರಟ್ಟಿನ ಪ್ರತಿಯನ್ನು ಮುಚ್ಚಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ಭಾಳ ಚಂದ ಬರದೀಯಪ್ಪಾ. ಹಾಡು ಯಾರು ಹೇಳಿಕೊಟ್ರು?”

“ನಮ್ಮಜ್ಜೀ ರೀ ಮೇಡಂ. ನಾಗಲಿಂಗಮ್ಮ.”

“ಆರಾಮ ಅದಾರೇನು?”

“ಏ, ಗಟ್ಟಿ ಅದಾಳ್ರಿ. ಈಗೂ ನಮ್ಮನ್ನ ಬೈಯ್ತಾಳ.”

“ಮತ್ತ ಈ ಹಾಡು ಎಲ್ಲಿ ಹಾಡಿದ್ರು? ಮನಿಯಾಗೇ ಕೂಡ್ರಿಸಿ ಹಾಡಿಸಿದೆ?”

ಬಸವೇಶ ಬೆಚ್ಚಿದ. “ಬಿಡ್ತು ಅನ್ರಿ ಮೇಡಂ! ಮನಿಯಾಗ ಹಾಡ್ಕೊಂಡು ಅಳಾಕ ನಮ್ಮಲ್ಲಿ ಯಾರು ಸತ್ತಾರ?”

“ಹಂಗಾದ್ರ ಎಲ್ಲಿ?”

“ಎಲ್ಲೋ... ಹೊರಗ. ಹೊಲದಾಗ.”

ಶೈಲಾ ಪ್ರತಿಯನ್ನು ತೆರೆದು ಅವನ ಮುಂದಿಟ್ಟರು. ಪೀಠಿಕೆಯ ಸಾಲಿನ ಮೇಲೆ ಬೆರಳಿಟ್ಟರು. ಬಸವೇಶ ಓದಿದ. ಅವನ ಮುಖ ಕಪ್ಪಿಟ್ಟಿತು.

ಹಾಲಸ್ವಾಮಿ ಕುರ್ಚಿಯಿಂದ ಮುಂದೆ ಬಾಗಿದರು. ಚಿಕ್ಕವರಿದ್ದಾಗ ತಂಗಿ ಆಟಕ್ಕೆಂದು ಮನೆಯೊಳಗೆ ಆ ರಾಗ ತೆಗೆದಿದ್ದಳು. ಅವ್ವ ಕೆಂಡವಾಗಿ ಅವಳನ್ನು ಬೀದಿಗೆ ಎಳೆದು ಹಾಕಿದ್ದಳು. ಸಾವಿಲ್ಲದ ಮನೆಯ ಮಾಡಿನ ಕೆಳಗೆ ಆ ಹಾಡು ಹುಟ್ಟಬಾರದು. ಈ ಸೀಮೆಯಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾವೂ ಆ ಸಾಲನ್ನು ಬೆಳಿಗ್ಗೆ ಎರಡು ಸಲ ಓದಿದ್ದರು, ಓದಿಯೂ ದಾಟಿಬಿಟ್ಟಿದ್ದರು.

“ನೋಡ್ರಿ ಸರ್,” ಎಂದರು ಶೈಲಾ. “ದುರ್ಗಾದೇವಿ ಅಜ್ಜಿನ್ನ ಕೆರೆ ಏರಿಗೆ ಯಾಕ ಕರಕೊಂಡು ಹೋದಳು? ಮನಿಯಾಗ ಆಕಿ ಬಾಯಿ ಬಿಡಂಗಿಲ್ಲ, ಅದಕ್ಕ. ಹಾಡಿಸಿದವಳು ಈಕಿ. ಪಡಸಾಲಿ ಅಂತ ಬರೆದವರು ಈ ಹಾಡು ಹಾಡಿಸಿಲ್ಲ, ಹಾಡೋದು ಕಂಡೂ ಇಲ್ಲ.”

“ಅಂದ್ರ ಬಸವೇಶ ಕದ್ದಾನ?”

“ಅಲ್ಲೇ ನಾವು ತಪ್ಪತೀವಿ. ಬಸವೇಶ ಇದನ್ನ ಓದೇ ಇಲ್ಲ. ಓದಿದ್ರ ಆ ಸಾಲಿಗೆ ಅವನೇ ಹೌಹಾರ್ತಿದ್ದ — ಈಗ ಹೌಹಾರಿದ ನೋಡ್ರಿ, ಹಂಗ. ಇದನ್ನ ತಿದ್ದಿದವರು ಈ ಸೀಮಿಯವರಲ್ಲ. ದೊಡ್ಡ ಮನಿ ಅಂದ್ರ ಪಡಸಾಲಿ ಇರಲಿ ಅಂತ ಚಂದಕ್ಕ ಸೇರಿಸಿದವರು. ಕರಡು ಕೈಯಾಗಿದ್ದವರು. ಹುಡುಗಿಗೆ ‘ಬೇರೆ ಬರಿ’ ಅಂದು ದಾರಿ ತಪ್ಪಿಸಾಕ ನೋಡಿದವರು.” ಅವರು ಕಿಟಕಿಯ ಕಡೆ ತಿರುಗಿದರು. “ಅಲ್ಲೇನ್ರಿ ಶಿವಶಂಕರ?”



“ಊಹೆ ಇದು,” ಎಂದರು ಶಿವಶಂಕರ. “ಬರೀ ಊಹೆ.”

“ಸರ್, ನೀವೇ ಅಲ್ಲೇನ್ರಿ ಡಿ.ಟಿ.ಪಿ. ಮಾಡಿಸಿ ಕೊಟ್ಟದ್ದು?” ಬಸವೇಶ ಅವರ ಕಡೆ ತಿರುಗಿದ. “ಸಾವಿನ ಹಾಡಿನ ಮ್ಯಾಲ ಐತಿ, ನಿಮ್ಮಜ್ಜಿ ಹೆಸರು ಹಾಕೀನಿ, ಸಹಿ ಅಷ್ಟ ಹಾಕು ಅಂದ್ರಿ. ನಮ್ಮಪ್ಪಗ ಹೇಳಿ ನಿಮ್ಮ ನೌಕರಿ ಕಾಯಂ ಮಾಡಿಸು ಅಂದ್ರಿ. ನಮ್ಮಜ್ಜಿನ್ನ ಪಡಸಾಲ್ಯಾಗ ಕೂಡ್ರಿಸಿ ಅಳಿಸೀರಿ ಅಂತ ನನಗೆಲ್ಲಿ ಗೊತ್ತು? ಅಕಿ ಕೇಳಿದ್ರ ನನ್ನ ಮನಿ ಹೊಗಾಕ ಬಿಡಂಗಿಲ್ರಿ!”

ಶಿವಶಂಕರ ಎದ್ದು ಹೊರಗೆ ನಡೆದರು.

ಹಾಲಸ್ವಾಮಿ ಕೈಬರಹದ ಪ್ರತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಾಲೇಜು ತೆರೆದಾಗಿನಿಂದ ಆ ಮೇಜಿನ ಮೇಲೆ ನೂರಾರು ಪ್ರಬಂಧಗಳು ಬಂದಿದ್ದವು. ಗೈಡು ನೋಡಿ ಬರೆದವು, ಅಣ್ಣಂದಿರ ಹಳೇ ಪ್ರತಿ ನೋಡಿ ಬರೆದವು. ಇಂಥದೊಂದು ಈ ಮಣ್ಣಿನಿಂದಲೇ ಬಂದಿತ್ತು, ಅದನ್ನೇ ಕಳವಿನ ಮಾಲು ಎಂದುಕೊಂಡಿದ್ದರು.

“ದುರ್ಗಾದೇವಿ, ತಪ್ಪಾತವಾ,” ಎಂದರು. “ಇಷ್ಟು ದಿನಾ ನಾನೂ ಆ ಹಾಡು ಕೇಳೀನಿ. ಅಳು ಅಂತ ಕೇಳೀನಿ. ಅದರಾಗ ಇಷ್ಟು ಬುದ್ಧಿ ಐತಿ ಅಂತ ನೀನು ಬರೆದ ಮ್ಯಾಲೇ ತಿಳೀತು.”

“ಬುದ್ಧಿ ನಂದಲ್ರಿ ಸಾರ್, ಅಜ್ಜೀದು,” ಎಂದಳು ಹುಡುಗಿ. ಆಮೇಲೆ ತಲೆ ಎತ್ತಿದಳು. “ಕಂಡು ಹಿಡಿದಿದ್ದು ನಾನು.”

ಶೈಲಾ ನಕ್ಕುಬಿಟ್ಟರು.

ಶಿವಶಂಕರ ಮರುದಿನ ರಾಜೀನಾಮೆ ಕೊಟ್ಟರು. ಬಸವೇಶನಿಗೆ ಆ ಪ್ರಬಂಧದ ಅಂಕ ಸಿಗಲಿಲ್ಲ. ದುರ್ಗಾದೇವಿ ಶನಿವಾರ ಹರಪನಹಳ್ಳಿಯಲ್ಲಿ ತನ್ನ ಪ್ರಬಂಧ ಓದಿದಳು. ಓದು ಮುಗಿದ ಮೇಲೆ ಸಭೆಯವರು ಕೇಳಿದ ಪ್ರಶ್ನೆಗಳಿಗೆ ಮಧ್ಯಾಹ್ನದ ಊಟದವರೆಗೂ ನಿಂತೇ ಉತ್ತರ ಹೇಳಿದಳು.