ಚೈತಾಲಿಯ ಎರಡು ಗೆರಟೆ

“ಬಟ್ಟೆ ಒಣಗಿಸ್ಲಿಕ್ಕೆ ಅಂತ ನಾನೊಂದು ಕೋಲು ಊರಿದ್ದೆ. ಎಂಟೇ ದಿನದಲ್ಲಿ ಅದು ಮರ ಆಗಿ, ಅದರ ನುಗ್ಗೆಕಾಯಿ ಸಾಂಬಾರನ್ನು ಇಡೀ ಇನ್ನಂಜೆ ಊರೇ ಊಟ ಮಾಡಿದೆ, ಗೊತ್ತುಂಟಾ?” ಎಂದರು ಚಂಪಜ್ಜಿ.

ಚೈತಾಲಿ ತಲೆ ಎತ್ತಲಿಲ್ಲ. “ಸುಳ್ಳು, ಅಜ್ಜಿ.”

“ಅರ್ಧ ಸುಳ್ಳು. ಕೋಲು ಚಿಗುರಿದ್ದು ಹೌದು. ಸಾಂಬಾರು ಉಂಡದ್ದು ನಾವು ಮತ್ತೆ ಪಕ್ಕದ ಮನೆ ರೀನಾ, ಅಷ್ಟೇ. ನಿನ್ನ ಮೋರೆ ಎಂತ, ಹುಳಿ ಬಿಂಬುಳಿಕಾಯಿ ಕಚ್ಚಿದ ಹಾಗೆ?”

ಚೈತಾಲಿ ಜಗಲಿಯಲ್ಲಿ ಕುಳಿತು ತೆಂಗಿನ ಗೆರಟೆಯೊಂದನ್ನು ದಿಟ್ಟಿಸುತ್ತಿದ್ದಳು. ಗೆರಟೆಯ ತುಂಬ ಮಣ್ಣು. ಮಣ್ಣಿನೊಳಗೆ ಹತ್ತು ಭತ್ತದ ಕಾಳು. ಎಂಟು ದಿನವಾದರೂ ಒಂದೂ ಮೊಳೆತಿರಲಿಲ್ಲ.

ಅವಳ ಐದನೇ ಕ್ಲಾಸಿನಲ್ಲಿ ಎಲ್ಲರೂ ಒಂದೊಂದು ಬಗೆಯ ಬೀಜ ಬಿತ್ತಿದ್ದರು. ನಾಳೆ ಸುಭಾಷಿಣಿ ಟೀಚರ್ ಬೆಂಚಿನ ಮೇಲೆ ಎರಡು ಸಾಲು ಮಾಡುವವರಿದ್ದರು. ಒಂದು ಸಾಲು ಜೀವ ಇರುವುದಕ್ಕೆ, ಇನ್ನೊಂದು ಕಲ್ಲು, ಡಸ್ಟರಿನಂಥ ಜೀವ ಇಲ್ಲದ್ದಕ್ಕೆ.

“ಡೆನ್ವರನ ಹೆಸರುಕಾಳಿಗೆ ನಾಲ್ಕು ಎಲೆ ಬಂದಿದೆ. ನನ್ನ ಗೆರಟೆಯನ್ನು ಡಸ್ಟರಿನ ಪಕ್ಕ ಇಡ್ಬೇಕಂತೆ. ‘ನಿಮ್ದು ಗದ್ದೆ ಇರುವ ಮನೆ ಅಲ್ವಾ?’ ಅಂತ ಬಸ್ಸಿನಲ್ಲಿ ಕಟಪಾಡಿವರೆಗೂ ನಗಾಡಿದ.”

“ನೀರು ಹಾಕಿದ್ಯಾ?”

“ದಿನಕ್ಕೆ ಎರಡು ಸಲ.”

“ಬಿಸಿಲು?”

“ಕಿಟಕಿಯಲ್ಲೇ ಇಟ್ಟಿದ್ದೆ. ಗಾಳಿಯೂ ಉಂಟು. ಟೀಚರ್ ಹೇಳಿದ್ದೆಲ್ಲ ಕೊಟ್ಟಿದ್ದೇನೆ. ಇನ್ನೆಂತ ಬೇಕಂತೆ ಅದಕ್ಕೆ?”

“ಒಂದು ಲೋಟ ಕಾಫಿ ಕೊಟ್ಟು ನೋಡು.”

ಚೈತಾಲಿಯ ಕಣ್ಣು ತುಂಬಿತು. ಅಜ್ಜಿ ನಗು ನಿಲ್ಲಿಸಿ ಪಕ್ಕದಲ್ಲಿ ಕುಳಿತರು.

“ಭತ್ತ ಎಲ್ಲಿಂದ ತೆಗೆದದ್ದು ಮಗಾ?”

“ಅಂಗಳದಲ್ಲಿ ಚಾಪೆ ಮೇಲೆ ಒಣಗ್ಲಿಕ್ಕೆ ಹಾಕಿದ್ದಿರಲ್ಲ, ಅದರಿಂದ.”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಮಾತ್ರ ಕುಲುಕುತ್ತಿತ್ತು. ಎದ್ದು ಒಳಗೆ ಹೋಗಿ, ಆ ಚಾಪೆಯ ಭತ್ತವನ್ನು ಮಿಲ್ಲಿಗೆ ಕಳಿಸಲು ತುಂಬಿಟ್ಟಿದ್ದ ಗೋಣಿಯಿಂದ ಒಂದು ಕಾಳು ತೆಗೆದರು. ಮುಂದಿನ ಬೇಸಾಯಕ್ಕೆಂದು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟಿದ್ದ ಬೀಜದ ಮುಡಿಗೆ ಬೆರಳು ತೂರಿಸಿ ಇನ್ನೊಂದು ತೆಗೆದರು.

“ಎರಡನ್ನೂ ಕಚ್ಚು.”

ಗೋಣಿಯ ಕಾಳು ‘ಕಟ್’ ಎಂದಿತು. ಒಳಗೆ ಗಾಜಿನ ಚೂರಿನಂತೆ ಹಳದಿ, ಗಟ್ಟಿ. ಮುಡಿಯ ಕಾಳು ಸುಲಭವಾಗಿ ಒಡೆಯಿತು. ನಾಲಿಗೆಯ ಮೇಲೆ ಬಿಳಿ ಹಿಟ್ಟು.

“ಇದು ಎಂತಕ್ಕೆ ಇಷ್ಟು ಗಟ್ಟಿ?”

“ನಿನ್ನೆ ರಾತ್ರಿ ಉಂಡದ್ದು ಯಾವ ಅಕ್ಕಿ?”

“ಕುಚ್ಚಲಕ್ಕಿ,” ಎಂದ ಚೈತಾಲಿ ಗಟ್ಟಿ ಕಾಳಿನ ಚೂರನ್ನು ಅಂಗೈಗೆ ಉಗುಳಿ ನೋಡಿದಳು.

ಅವಳು ಕಾಳು ತೆಗೆದ ದಿನ ಬೆಳಿಗ್ಗೆ ಹಿತ್ತಿಲಲ್ಲಿ ದೊಡ್ಡ ಹಂಡೆ ಒಲೆಯ ಮೇಲಿತ್ತು. ಮನೆಯಿಡೀ ಭತ್ತ ಬೇಯುವ ವಾಸನೆ. ಬಸ್ಸು ತಪ್ಪುತ್ತದೆಂದು ಅವಳು ಅತ್ತ ನೋಡದೆ ಓಡಿದ್ದಳು. ಸಂಜೆ ಬಂದಾಗ ಕಂಡದ್ದು ಚಾಪೆಯ ಮೇಲಿನ ಭತ್ತ ಮಾತ್ರ.

“ಅದು ಬೇಯಿಸಿದ್ದಾ ಅಜ್ಜಿ?”

“ಅದರ ಹಬೆಗೆ ವಿಮಾನ ದಾರಿ ತಪ್ಪಿತು. ನೀನು ಎಂಟು ದಿನ ಬಾಗಿಲು ತಟ್ಟಿದ್ದೀ ಮಾರಾಯ್ತಿ. ಬೆಂದ ಮೇಲೆ ಒಳಗೆ ಜನವೇ ಇಲ್ಲ.”

ಚೈತಾಲಿಗೂ ನಗು ಬಂತು. ಆದರೆ ನಾಳೆಯ ನೆನಪಾಗಿ ನಗು ಅಲ್ಲೇ ನಿಂತಿತು.

“ರೀನಾನ ಹಿತ್ತಿಲಿಂದ ಒಂದು ಬಸಳೆ ತುಂಡು ತರ್ತೇನೆ. ಗೆರಟೆಗೆ ಊರಿ ತಗೊಂಡು ಹೋಗು. ಡೆನ್ವರನಿಗೆ ಗೊತ್ತಾಗುದಿಲ್ಲ,” ಎಂದರು ಅಜ್ಜಿ.

ಚೈತಾಲಿ ತಲೆಯಾಡಿಸಿ ಮುಡಿಯತ್ತ ಕೈ ತೋರಿಸಿದಳು. “ಬಸಳೆ ಬೇಡ. ಮುಡಿಯಿಂದ ಹತ್ತು ಕಾಳು ಕೊಡಿ. ಮತ್ತೆ ಇನ್ನೊಂದು ಗೆರಟೆ.”

ಮರುದಿನ ಅವಳು ಟೀಚರ್ ಮುಂದೆ ಎರಡು ಗೆರಟೆ ಇಟ್ಟಳು. ಎರಡರಲ್ಲೂ ಬರಿಯ ಒದ್ದೆ ಮಣ್ಣು.

ಡೆನ್ವರ್ ಬಗ್ಗಿ ನೋಡಿದ. “ಮೊದಲು ಒಂದು ಡಸ್ಟರ್ ಇತ್ತು. ಈಗ ಎರಡಾ?”

ಟೀಚರ್ ಗೆರಟೆಗಳನ್ನು ಎತ್ತಲು ಕೈ ಚಾಚಿದರು.

“ಸ್ವಲ್ಪ ನಿಲ್ಲಿ ಟೀಚರ್,” ಎಂದಳು ಚೈತಾಲಿ. ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ನೀರಿನ ಬಾಟಲಿ ತೆರೆದು ಎರಡಕ್ಕೂ ಒಂದೊಂದು ಮುಚ್ಚಳ ನೀರು ಹಾಕಿದಳು.

“ಎರಡರಲ್ಲೂ ಭತ್ತವೇ ಇರುದು ಡೆನ್ವರ್. ಒಂದು ಈ ನೀರನ್ನು ಕುಡೀತದೆ. ಇನ್ನೊಂದು ಬರೀ ಒದ್ದೆ ಆಗ್ತದೆ. ಯಾವುದು ಯಾವ ಸಾಲಿಗೆ, ನೀನೇ ಹೇಳು ನೋಡುವ.”