ದಿನಕ್ಕೊಂದೇ ಬದಲಾವಣೆ

"ಮುಟ್ಟಬೇಡಿ. ಬಾಯಲ್ಲಿ ಹೇಳಿ, ನಾನು ಮಾಡ್ತೀನಿ."

ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ಹದಿನೆಂಟು ವರ್ಷದ ಕಸುಬಿನಲ್ಲಿ ಅವನನ್ನು ಬೈದವರಿದ್ದರು, ಬಾಗಿಲಲ್ಲೇ ಗಂಟೆಗಟ್ಟಲೆ ಕಾಯಿಸಿದವರಿದ್ದರು. ಕೆಟ್ಟ ಕಂಪ್ಯೂಟರನ್ನು ಮುಟ್ಟದೆ ರಿಪೇರಿ ಮಾಡು ಅಂದವಳು ಇವಳೇ ಮೊದಲು.

"ಮುಟ್ಟದೆ ಹೇಗ್ರೀ ನೋಡೋದು?"

"ಕಣ್ಣಲ್ಲಿ ನೋಡಿ. ಇದನ್ನ ಜೋಡಿಸಿದ್ದು ನಾನು. ಬಿಚ್ಚೋದೂ ನಾನೇ."

ಅವಳು ಊರಿನ ನೀರಿನ ಪೈಪುಗಳ ನಕ್ಷೆ ಬರೆಯುವವಳು. ಯಾವ ರಸ್ತೆಯ ಕೆಳಗೆ ಯಾವ ಪೈಪು ಹೋಗುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ವಾಲ್ವ್ ಇದೆ ಎಲ್ಲವೂ ಅವಳ ಪರದೆಯ ಮೇಲಿರುತ್ತದೆ. ಹಳೆಯ ಕಂಪ್ಯೂಟರ್ ಆ ನಕ್ಷೆಗಳ ಭಾರ ತಡೆಯದೆ ಕೈಚೆಲ್ಲಿದಾಗ, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಮೂರು ಭಾನುವಾರ ನೆಲದ ಮೇಲೆ ಕೂತು ಹೊಸದನ್ನು ತಾನೇ ಜೋಡಿಸಿದ್ದಳು. ಮೊದಲ ದಿನ ಅದು ಚೆನ್ನಾಗಿಯೇ ನಡೆಯಿತು. ಎರಡನೇ ದಿನದಿಂದ ಶುರುವಾಯಿತು ನೋಡಿ ಕಾಟ. ಹೇಳದೆ ಕೇಳದೆ ಪರದೆ ಕಪ್ಪಾಗುವುದು, ಯಂತ್ರ ತನ್ನಷ್ಟಕ್ಕೆ ಮತ್ತೆ ಶುರುವಾಗುವುದು. ದಿನಕ್ಕೆ ನಾಲ್ಕು ಸಲ, ಒಮ್ಮೊಮ್ಮೆ ಏಳು ಸಲ.

ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಡಬ್ಬದ ಗಾಜಿನ ಬದಿಯಿಂದ ಬಗ್ಗಿ ನೋಡಿದ. ಒಳಗೆ ಕೇಬಲ್ಲುಗಳು ಅಚ್ಚುಕಟ್ಟಾಗಿ ತಿರುವು ತೆಗೆದುಕೊಂಡು ಹೋಗಿದ್ದವು. ಒಂದರ ಮೇಲೊಂದು ಬಿದ್ದಿರಲಿಲ್ಲ.

"ಕೇಬಲ್ಲನ್ನೂ ಪೈಪ್ ಥರಾನೇ ಎಳೆದಿದ್ದೀರಿ."

"ಹೊಗಳಿಕೆನಾ, ಟೀಕೆನಾ?"

"ಹೊಗಳಿಕೆ. ನನ್ನ ಅಂಗಡಿಯಲ್ಲೂ ಇಷ್ಟು ನೀಟಾಗಿ ಕಟ್ಟಲ್ಲ."

ಅವಳು ಮುಖ ತಿರುಗಿಸಿ ಸ್ಕ್ರೂ ಬಿಚ್ಚತೊಡಗಿದಳು. ಆದರೆ ಕಿವಿಯ ತುದಿ ಕೆಂಪಾಗಿದ್ದು ಅವನ ಕಣ್ಣಿಗೆ ಬಿತ್ತು. ಕಿಟಕಿಯ ಹತ್ತಿರ ಕೂತಿದ್ದ ಅವಳ ಚಿಕ್ಕಮ್ಮನ ಕಣ್ಣಿಗೆ ಇಬ್ಬರೂ ಬಿದ್ದರು. ಚಿಕ್ಕಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಜನ ಆಡುವ ಮಾತಿಗಿಂತ ಆಡದ ಮಾತು ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಅವನ ಕಸುಬಿಗೊಂದು ನಿಯಮವಿತ್ತು. ದಿನಕ್ಕೊಂದೇ ಬದಲಾವಣೆ. "ಎರಡು ಒಟ್ಟಿಗೆ ಬದಲಾಯಿಸಿದ್ರೆ, ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಇವತ್ತು ಎರಡು ಮೆಮೊರಿ ಕಾರ್ಡಲ್ಲಿ ಒಂದನ್ನ ತೆಗೀರಿ. ಇಡೀ ದಿನ ಕೆಲಸ ಮಾಡಿ. ಆಫ್ ಆದಾಗೆಲ್ಲ ಟೈಮು, ಆಗ ಏನು ಮಾಡ್ತಿದ್ರಿ, ಎರಡನ್ನೂ ಬರೆದಿಡಿ."

"ಅಂದ್ರೆ ದಿನಾ ಬರ್ತೀರಾ?"

"ಅಂಗಡಿಗೆ ಹೋಗೋ ಮುಂಚೆ, ಎಂಟೂವರೆಗೆ."

"ಬರಲಿ ಬಿಡೇ," ಅಂದರು ಚಿಕ್ಕಮ್ಮ. "ಕಾಯಿಲೆ ಯಂತ್ರಕ್ಕೆ ತಾನೇ, ಡಾಕ್ಟರಿಗಲ್ಲವಲ್ಲ."

ಎರಡನೇ ಬೆಳಿಗ್ಗೆ ಅವಳು ನೋಟ್‌ಬುಕ್ ಮುಂದಿಟ್ಟಳು. ಸಣ್ಣ, ನೇರ ಅಕ್ಷರ. 'ಹನ್ನೊಂದು ಹತ್ತು: ವಾಲ್ವ್ ಗುರುತು ಹಾಕುತ್ತಿದ್ದೆ. ಎರಡು ನಲವತ್ತು: ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಹೊರಗೆ ನೋಡುತ್ತಿದ್ದೆ.' ಅವನು ಆ ಎರಡನೇ ಸಾಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದ. ಅವತ್ತು ಇದ್ದದ್ದನ್ನು ತೆಗೆಸಿ ಇನ್ನೊಂದು ಮೆಮೊರಿ ಹಾಕಿಸಿದ. ಮೂರನೇ ದಿನ ತನ್ನ ಅಂಗಡಿಯಿಂದ ಪವರ್ ಸಪ್ಲೈ ಹೊತ್ತು ತಂದ. ಯಂತ್ರ ಯಾವುದಕ್ಕೂ ಜಗ್ಗಲಿಲ್ಲ.

ಜಗ್ಗಿದವನು ಅವನೇ. ನಲವತ್ತೊಂದರ ಈ ಮನುಷ್ಯ ಎಂಟೂವರೆಯ ಭೇಟಿಗೆ ಎಂಟಕ್ಕೇ ಆ ಬೀದಿಗೆ ಬಂದು, ತಿರುವಿನಲ್ಲಿ ಅರ್ಧ ಗಂಟೆ ಗೋಡೆಗಂಟಿಸಿದ ಕಾಗದಗಳನ್ನು ಓದುತ್ತ ನಿಲ್ಲತೊಡಗಿದ. ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ. ಹತ್ತಿರ ಬಗ್ಗಿ "ಆ ಎಡಗಡೆಯದು, ಇನ್ನೂ ಸ್ವಲ್ಪ ಕೆಳಗೆ" ಅನ್ನುವಾಗ, ಅವಳ ಬೆರಳುಗಳು ಅವನ ಮಾತಿನ ಹಿಂದೆಯೇ ಚಲಿಸುತ್ತಿದ್ದವು. ಮಾತಿಗೆ ಇಷ್ಟು ಜೋಪಾನ ಬೇಕೆಂದು ಅವನಿಗೆ ಹಿಂದೆಂದೂ ಅನ್ನಿಸಿರಲಿಲ್ಲ. ಪ್ರೀತಿಯೇ ಅದು, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ನಾಲ್ಕನೇ ದಿನ ಅವಳು ಪೆನ್ನಿಗಾಗಿ ಮೇಜಿನ ಡ್ರಾಯರ್ ಎಳೆದು, ಜೋರಾಗಿ ಮುಚ್ಚಿದಳು. ಪರದೆ ಕಪ್ಪಾಯಿತು.

ಅವನಿಗೆ ತಟ್ಟನೆ ಹೊಳೆಯಿತು. ಮೇಜು ಅಲುಗಾಡಿದರೆ ಯಂತ್ರ ಆರುತ್ತಿದೆ. ಅಂದರೆ ಒಳಗೆ ತಾಗಬಾರದ್ದು ಎಲ್ಲೋ ತಾಗುತ್ತಿದೆ. ಕಂಪ್ಯೂಟರಿನ ಮುಖ್ಯ ಬೋರ್ಡು ಡಬ್ಬದ ತಗಡಿಗೆ ತಾಗದಂತೆ ಅದರ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳಿರುತ್ತವೆ. ಬೋರ್ಡಿನಲ್ಲಿ ಎಷ್ಟು ತೂತಿದೆಯೋ ಅಷ್ಟೇ ಕಾಲು. ಒಂದು ಹೆಚ್ಚಾದರೆ ಅದು ಬೋರ್ಡಿನ ಬೆನ್ನಿಗೆ ಚುಚ್ಚಿ ಶಾರ್ಟ್ ಮಾಡುತ್ತದೆ. ಅವನು ಮೂಲೆಯಲ್ಲಿದ್ದ ಖಾಲಿ ಪೊಟ್ಟಣ ನೋಡಿದ.

"ಕಾಲುಗಳು ಎಷ್ಟು ಬಂದಿದ್ವು?"

"ಒಂಬತ್ತು. ಡಬ್ಬದಲ್ಲೂ ಒಂಬತ್ತು ಜಾಗ ಇತ್ತು. ಎಲ್ಲ ಹಾಕಿದ್ದೀನಿ, ಒಂದನ್ನೂ ಖಾಲಿ ಬಿಟ್ಟಿಲ್ಲ."

ನಕ್ಷೆಯಲ್ಲಿ ಖಾಲಿ ಜಾಗ ಬಿಟ್ಟರೆ ಅವಳ ಆಫೀಸಿನಿಂದ ಅದು ವಾಪಸು ಬರುತ್ತದೆ. ಆ ಅಭ್ಯಾಸದಲ್ಲಿ ಎಲ್ಲವನ್ನೂ ತುಂಬಿಸಿದ್ದಳು. ಅವಳ ಬೋರ್ಡಿನಲ್ಲಿ ಇದ್ದದ್ದು ಎಂಟೇ ತೂತು. ಇದನ್ನು ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಅರ್ಧ ಗಂಟೆಯ ಕೆಲಸ. ಆಮೇಲೆ ನಾಳೆಯ ಎಂಟೂವರೆ ಇಲ್ಲ.

"ನಾಳೆ ಫ್ಯಾನ್ ನೋಡೋಣ," ಅಂದುಬಿಟ್ಟ.

ಅವತ್ತು ಗೇಟಿನವರೆಗೆ ಬಂದ ಚಿಕ್ಕಮ್ಮ ದನಿ ತಗ್ಗಿಸಿದರು. "ಇವಳು ಯಾಕೆ ಮುಟ್ಟಬೇಡಿ ಅಂತಾಳೆ ಗೊತ್ತಾ? ಇವಳ ಗಂಡನಾಗಿದ್ದವನು ಆರು ವರ್ಷ ಒಂದೇ ಮಾತು ಹೇಳ್ದ. ನಿನ್ನ ಕೈಗೆ ಬಂದದ್ದೆಲ್ಲ ಕೆಡುತ್ತೆ ಅಂತ. ಕುಕ್ಕರ್ ಕೆಟ್ಟರೂ ಅದೇ, ಮದುವೆ ಕೆಟ್ಟಾಗಲೂ ಅದೇ. ಹೇಳಿ, ಎದ್ದು ಹೊರಟೇಹೋದ. ಈ ಡಬ್ಬ ನೆಟ್ಟಗೆ ನಡೆದ್ರೆ ಅವಳು ಗೆದ್ದ ಹಾಗೆ."

ಈಗ ಹೇಳುವುದು ಇನ್ನೂ ಕಷ್ಟವಾಯಿತು. ತಪ್ಪು ನಿಮ್ಮ ಕೈಯದೇ ಎಂದು ಯಾವ ಬಾಯಲ್ಲಿ ಹೇಳುವುದು? ಐದನೇ ದಿನ ಫ್ಯಾನು, ಆರನೇ ದಿನ ಡ್ರೈವರ್ ಸಾಫ್ಟ್‌ವೇರ್, ಏಳನೇ ದಿನ ಗೋಡೆಯ ಪ್ಲಗ್ಗು. ಅವಳು ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ. ಅವಳಿಗೆ ನೋವಾಗಬಾರದೆಂದೇ ಸುಮ್ಮನಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಹೀಗೆಯೇ.

ಎಂಟನೇ ದಿನ ಬಾಗಿಲು ತೆರೆದವರು ಚಿಕ್ಕಮ್ಮ. ನಗಲಿಲ್ಲ. ಒಳಗೆ ಅವಳು ಕುರ್ಚಿಯಲ್ಲಿ ಕೈ ಮಡಚಿ ಕೂತಿದ್ದಳು.

"ಸೇವ್ ಮಾಡ್ತಿರುವಾಗಲೇ ಆಫ್ ಆಯ್ತು. ಫೈಲು ತೆರೀತಿಲ್ಲ. ಮೂರು ದಿನದ ಕೆಲಸ. ನಾಳೆ ಕೊಡಬೇಕಿತ್ತು." ದನಿಯಲ್ಲಿ ಅಳು ಇರಲಿಲ್ಲ, ಅದೇ ಅವನನ್ನು ಹೆದರಿಸಿತು. "ನೀವೇ ತಗೊಂಡು ಹೋಗಿ. ಮುಟ್ಟಿ, ಬಿಚ್ಚಿ, ಏನಾದ್ರೂ ಮಾಡಿ. ಅವರು ಹೇಳ್ತಿದ್ದದ್ದೇ ನಿಜ ಇರಬೇಕು. ನನ್ನ ಕೈಗುಣ."

ಆ ಗಂಡ ಆರು ವರ್ಷದಲ್ಲಿ ಮಾಡಿದ್ದನ್ನು ತಾನು ನಾಲ್ಕು ದಿನದಲ್ಲಿ ಮಾಡಿದ್ದ, ಅದೂ ನಯವಾಗಿ.

"ಕೈಗುಣ ಅಲ್ಲ," ಅಂದ. "ಒಂದು ಕಾಲು ಹೆಚ್ಚಾಗಿದೆ, ಬೋರ್ಡಿನ ಕೆಳಗೆ. ಯಾರಿಗಾದರೂ ಆಗೋ ತಪ್ಪು. ನನಗೂ ಆಗಿದೆ."

"ಯಾವಾಗ ಗೊತ್ತಾಯ್ತು?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ. "ನಾಲ್ಕನೇ ದಿನ."

ಅವಳು ನೋಟ್‌ಬುಕ್ ತೆರೆದು ಎಣಿಸಿದಳು. "ಆಮೇಲೆ ಹತ್ತೊಂಬತ್ತು ಸಲ ಆಫ್ ಆಗಿದೆ. ಹತ್ತೊಂಬತ್ತು ಸಲ ನನ್ನನ್ನ ನಾನೇ ಬೈಕೊಂಡಿದ್ದೀನಿ. ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ. ಮತ್ತೆ... ಹೇಳಿದ್ರೆ ಇಲ್ಲಿಗೆ ಬರೋದು ನಿಂತುಹೋಗುತ್ತೆ ಅಂತ."

"ಎರಡರಲ್ಲಿ ಯಾವುದು?"

"ಎರಡೂ. ಎರಡನೇದೇ ಜಾಸ್ತಿ."

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು, ಯಂತ್ರವನ್ನು ನೆಲಕ್ಕಿಳಿಸಿ ಕೂತಳು. ಒಂದೊಂದೇ ಕೇಬಲ್ ಕಿತ್ತಳು, ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿದಳು, ಒಂಬತ್ತನೇ ಕಾಲನ್ನು ತಿರುಗಿಸಿ ತೆಗೆದಳು. ಮತ್ತೆ ಎಲ್ಲ ಜೋಡಿಸಿ ಮೇಜಿನ ಮೇಲಿಟ್ಟಳು. ಅವನು ಒಂದು ಪದವೂ ಹೇಳಿಕೊಡಬೇಕಾಗಲಿಲ್ಲ. ಯಂತ್ರ ಚಾಲೂ ಆದ ಮೇಲೆ ಡ್ರಾಯರನ್ನು ಐದು ಸಲ ಬಡಿದಳು. ಪರದೆ ಮಿಸುಕಲಿಲ್ಲ.

"ಸರಿಹೋಯ್ತು," ಅಂದಳು. "ಇನ್ನು ನೀವು ಬರಬೇಡಿ."

ಅವನು ಹೋದ. ಅಂಗಡಿಯಲ್ಲಿ ಕೂತು ಊರವರ ಲ್ಯಾಪ್‌ಟಾಪ್ ಬಿಚ್ಚಿದ. ಗಿರಾಕಿಗಳು ಏನಾಗಿದೆ ಅಂತ ಕೇಳಿದರೆ ಕೇಳಿದ ಕ್ಷಣಕ್ಕೇ, ಒರಟಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದ. ಇಬ್ಬರು ಸಿಟ್ಟಾಗಿ ಬೇರೆ ಅಂಗಡಿಗೆ ಹೋದರು. ಕ್ಷಮೆ ಕೇಳಲು ಎರಡು ಸಲ ಫೋನ್ ಕೈಗೆತ್ತಿಕೊಂಡ. ಬರಬೇಡಿ ಅಂದವಳನ್ನು ಫೋನಿನಲ್ಲಿ ಕಾಡುವುದೂ ಮನೆಗೆ ಬಂದ ಹಾಗೇ ತಾನೇ ಅನ್ನಿಸಿ ಕೆಳಗಿಟ್ಟ.

ಅದಾಗಿ ಹನ್ನೆರಡನೇ ದಿನ, ಶಟರ್ ಅರ್ಧ ಎತ್ತಿದ್ದಾಗ, ಅದರಡಿ ತಲೆ ಬಗ್ಗಿಸಿ ಅವಳೇ ಒಳಗೆ ಬಂದಳು.

ಅವನ ಬಾಯಿಂದ ಹೊರಟದ್ದು ಕಸುಬಿನ ಮಾತು. "ಮತ್ತೆ ಆಫ್ ಆಯ್ತಾ?"

"ಇಲ್ಲ. ಒಂದು ಸಲವೂ ಇಲ್ಲ. ನಕ್ಷೆ ಒಂದು ದಿನ ತಡವಾಗಿ ಕೊಟ್ಟೆ, ಬೈಸಿಕೊಂಡೆ, ಮುಗೀತು." ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಳು. "ಕೆಟ್ಟರೆ ನಿಮಗೆ ಫೋನ್ ಮಾಡಬಹುದು ಅಂತ ದಿನಾ ಕಾದೆ. ಹಾಳಾದ್ದು ಕೆಡ್ತಾನೇ ಇಲ್ಲ. ನೆಪ ಇಲ್ಲದೇ ಬರಬೇಕಾಯ್ತು."

"ಕೋಪ ಹೋಯ್ತಾ?"

"ಹೋಗಿಲ್ಲ. ಇದೆ. ಅದನ್ನ ಇಟ್ಕೊಂಡೇ ಬಂದಿದ್ದೀನಿ." ಅವಳು ನೇರವಾಗಿ ಅವನ ಮುಖ ನೋಡಿದಳು. "ಇನ್ನೂ ಏನಾದ್ರೂ ಬಚ್ಚಿಟ್ಟಿದ್ದೀರಾ?"

"ಒಂದಿದೆ. ನೀವಂದ್ರೆ ನನಗೆ ಪ್ರೀತಿ. ಅದು ನಾಲ್ಕನೇ ದಿನ ಅಲ್ಲ, ಅದಕ್ಕೂ ಮೊದಲೇ ಗೊತ್ತಾಯ್ತು."

ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು.

"ನನ್ನ ತಪ್ಪು ಹೇಳಿದವರು ಹೇಳಿ ಎದ್ದು ಹೋದ್ರು," ಅಂದಳು. "ನೀವು ಕೂತಿರೋದಕ್ಕೋಸ್ಕರ ತಪ್ಪನ್ನೇ ಹೇಳ್ಲಿಲ್ಲ. ನನಗೆ ಎರಡೂ ಬೇಡ. ತಪ್ಪು ಅಂದ್ರೆ ಅವತ್ತೇ, ಮುಖಕ್ಕೇ ಹೇಳೋರು ಬೇಕು. ಹೇಳಿ ಅಲ್ಲೇ ಕೂತಿರೋರು ಬೇಕು. ಆಗುತ್ತಾ?"

ಅವನು ಶಟರನ್ನು ಹಾಗೇ ಅರ್ಧಕ್ಕೆ ಬಿಟ್ಟು, ಸ್ಟೂಲು ಎಳೆದುಕೊಂಡು ಅವಳ ಎದುರು ಕೂತ.